ಕರ್ನಲ್ ಮನೆಯ ಬಾಗಿಲು

ಹೇಸ್ಟಿಂಗ್ಸ್
9 ಮಾರ್ಚ್ 2023, ಗುರುವಾರ

ಒಂದು ಕಾಲಕ್ಕೆ ನನ್ನ ಪತಿದೇವರಾಗಿದ್ದ ಲಯನಲ್‌ಗೆ,

ಕಾಗದ ತಲುಪಿತು. ಮೂವತ್ತು ವರ್ಷದಲ್ಲಿ ನಿನ್ನಿಂದ ಇದೇ ಮೊದಲು. ನನ್ನ ಕ್ಷೇಮ ಕೇಳುವುದಕ್ಕೆ ಒಂದು ಸಾಲು, ಬಾಯಿ ಮುಚ್ಚಿಕೊಂಡಿರು ಎನ್ನುವುದಕ್ಕೆ ಎರಡು ಪುಟ. ಹಂಚಿಕೆ ಚೆನ್ನಾಗಿದೆ.

ಹಳೆಯ ರೇಡಿಯೊ ಹಾಸ್ಯದ ಪಾಡ್‌ಕಾಸ್ಟ್ ನಡೆಸುವ ಫಿಲಿಪಾ ವೃತ್ತಿಯಿಂದ ದಂತವೈದ್ಯೆ. ಹೊರಗಿನ ಸದ್ದು ಬಾರದಿರಲೆಂದು ತನ್ನ ಬಟ್ಟೆಯ ಬೀರುವಿನೊಳಗೆ, ಕೋಟುಗಳ ನಡುವೆ ಕೂತು ಧ್ವನಿಮುದ್ರಿಸುತ್ತಾಳೆ. ಹೋದ ತಿಂಗಳು ಅದೇ ಬೀರುವಿನಲ್ಲಿ ಕೂತು, ನೀನೇ ಬರೆದು ಕರ್ನಲ್ ಆಗಿ ನಟಿಸಿದ ನಮ್ಮ ರೇಡಿಯೊ ನಾಟಕದ ಬಗ್ಗೆ ನೀನು ಹೇಳಿದ್ದನ್ನು ಟೋಸ್ಟ್ ತಿನ್ನುತ್ತಾ ಕೇಳಿದೆ: "ಕರ್ನಲ್ ಮನೆಗೆ ಒಂದು ಬಾಗಿಲಿತ್ತಲ್ಲ, ಅದನ್ನ ಗುಜರಿಯಿಂದ ಹುಡುಕಿ ತಂದೋನೇ ನಾನು. ಹನ್ನೊಂದು ವರ್ಷ ಕಿರುಗುಟ್ತು."

ತಂದದ್ದು ನಿಜ. ಅದು ಕಿರುಗುಟ್ಟಿದ್ದು ಎರಡೇ ವಾರ.

ಕೇಳುಗರು ನಿನ್ನ ಕರ್ನಲ್‌ನನ್ನು ಮರೆತರೂ ಆ ಬಾಗಿಲನ್ನು ಮರೆತಿಲ್ಲ. ಪಾದ್ರಿ ಬಂದರೆ ಭಕ್ತಿಯಿಂದ, ಅತ್ತೆ ಬಂದರೆ ನರಳುತ್ತಾ ತೆರೆದುಕೊಳ್ಳುತ್ತಿತ್ತು. ಗುಜರಿಯ ಹಲಗೆಗೆ ಇಷ್ಟು ಲೋಕಜ್ಞಾನ ಎಲ್ಲಿಂದ ಬಂತೆಂದು ಒಬ್ಬರೂ ಕೇಳಲಿಲ್ಲವಲ್ಲ.

ನೆನಪಿಸುತ್ತೇನೆ. 1964, ಮೂರನೆಯ ಕಂತು. ಸದ್ದಿಗಾಗಿಯೇ ಚೌಕಟ್ಟಿನ ಸಮೇತ ಸ್ಟುಡಿಯೊದಲ್ಲಿ ನಿಲ್ಲಿಸಿದ್ದ ಆ ಬಾಗಿಲಿನ ತಿರುಗಣಿಗೆ ಯಾರೋ ಎಣ್ಣೆ ಬಿಟ್ಟಿದ್ದರು. ಎದುರಿಗೆ ಮುನ್ನೂರು ಪ್ರೇಕ್ಷಕರು, ಟೇಪು ಓಡುತ್ತಿದೆ, ಬಾಗಿಲು ಸದ್ದೇ ಇಲ್ಲದೆ ತೆರೆಯಿತು. ನೀನು ಹಾಳೆ ಹಿಡಿದು ಬೆಪ್ಪಾಗಿ ನಿಂತೆ. ಅಡುಗೆಯವಳ ಪಾತ್ರ ಮಾಡುತ್ತಿದ್ದ ನಾನು ಮೈಕಿನ ಮುಂದೆ ಬಂದು ಗಂಟಲಿನಿಂದ ಕಿರುಗುಟ್ಟಿದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಿರ್ಮಾಪಕರು ಓಡಿಬಂದು, "ಇನ್ಮೇಲೆ ನೀನೇ ಬಾಗಿಲು ಕಣಮ್ಮಾ. ಹೊರಗೆಲ್ಲೂ ಬಾಯಿ ಬಿಡಬೇಡ, ಮಜಾ ಹೋಗತ್ತೆ" ಅಂದರು. ಬಸ್ಸಿನಲ್ಲಿ ನೀನಂದೆ: "ಹೋಗ್ಲಿ ಬಿಡೇ, ಬಾಗಿಲಿಗೆ ಯಾರಾದ್ರೂ ಹೆಸರು ಹಾಕ್ತಾರಾ?"

ಹನ್ನೊಂದು ವರ್ಷ ಹಾಕಲಿಲ್ಲ.

ಈಗ ಹೇಳಿದರೆ ನಿನ್ನ ಮಾನ ಹೋಗುತ್ತದೆಂದು ಬರೆದಿದ್ದೀಯೆ. ಹೋಗಲಿ. ಎಂಬತ್ತಾರು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದೀಯಲ್ಲ, ಸಾಕು.

ಶನಿವಾರ ಹನ್ನೊಂದಕ್ಕೆ ನಾನು ಬೀರುವಿನೊಳಗೆ ಹೋಗುತ್ತೇನೆ. ಫಿಲಿಪಾ ಫೋನಿನಲ್ಲಿ ಅಳುಕುತ್ತಲೇ, "ತಪ್ಪು ತಿಳ್ಕೋಬೇಡಿ ಮೇಡಂ, ಪುರಾವೆ ಏನಾದ್ರೂ ಇದ್ಯಾ?" ಎಂದಳು. ಪಾದ್ರಿಗೆ ತೆರೆಯುವ ಹಾಗೆ ಒಮ್ಮೆ ತೆರೆದುಕೊಂಡೆ. ಅವಳು ಮೂಗೊರೆಸಿಕೊಂಡು, "ನಮ್ಮಪ್ಪ ಪ್ರತಿ ಭಾನುವಾರ ನಿಮ್ಮನ್ನ ಕೇಳೋಕೇ ಕೂತ್ಕೋತಿದ್ರು" ಎಂದಳು.

ನಿಮ್ಮನ್ನ ಎಂದಳು, ಲಯನಲ್. ಬಾಗಿಲನ್ನ ಅನ್ನಲಿಲ್ಲ.

ಇನ್ನು ಯಾರು ತಳ್ಳಿದರೂ ಮುಚ್ಚಿಕೊಳ್ಳದ,
ಹೆಸ್ಟರ್

ತಾ.ಕ.: ಎಣ್ಣೆ ಬಿಟ್ಟವನೆಂದು ಸ್ಟುಡಿಯೊ ಕಾವಲುಗಾರ ಸ್ಟಬ್ಸ್‌ನ ಮೇಲೆ ನೀನು ವರ್ಷಗಟ್ಟಲೆ ಹಲ್ಲು ಕಡಿದೆ. ಪಾಪ, ಅವನದೇನೂ ತಪ್ಪಿಲ್ಲ. ಆ ವಾರ ಅಡುಗೆಯವಳಿಗಿದ್ದ ಒಂದೇ ಒಂದು ಸಾಲನ್ನು ನೀನು ಹೊಡೆದುಹಾಕಿದ್ದೆ. ನನ್ನ ಕೈಚೀಲದಲ್ಲಿ ಹೊಲಿಗೆ ಯಂತ್ರದ ಎಣ್ಣೆಯಿತ್ತು. ಶನಿವಾರ ಇದನ್ನೂ ಹೇಳುತ್ತೇನೆ.