ಪಟ್ಟಿ ಬಿಚ್ಚುವ ತನಕ

೧೨ ಸೆಪ್ಟೆಂಬರ್ ೧೯೧೮, ಗುರುವಾರ

ಇವತ್ತೂ ಆಡಿನ ಕಣ್ಣು ಆರು. ಮೂರು ಕೆಡಿಸಿದೆ. ಎರಡು ಪರವಾಗಿಲ್ಲ. ಒಂದನ್ನು ಮಾತ್ರ ಮಾರ್ತಾಂಡರಾವ್ ಸರ್ ಬಗ್ಗಿ ನೋಡಿ “ಹ್ಞೂಂ” ಅಂದರು. ಅವರ ಬಾಯಿಂದ ಹ್ಞೂಂ ಬಂದರೆ ಬೇರೆಯವರಿಂದ ಬಂಗಾರದ ಪದಕ ಬಂದ ಹಾಗೆ. ಆಸ್ಪತ್ರೆಯಿಂದ ಪುಣೆಯ ಶನಿವಾರ ಪೇಠೆಯ ನನ್ನ ಕೋಣೆಯ ತನಕ ನೆಲ ಮುಟ್ಟದೆ ಬಂದೆ.

ಪೊರೆ ತೆಗೆಯುವುದರ ಅಭ್ಯಾಸ ಇದು. ಕೆಲಸ ಹೇಳಲಿಕ್ಕೆ ಇಷ್ಟೇ. ಮರದ ಮುಖವಾಡದ ಗುಳಿಯಲ್ಲಿ ಕಣ್ಣು ಕೂರಿಸುವುದು. ದರ್ಭೆಯಷ್ಟು ಸಣ್ಣ ಚೂರಿ. ಕರಿಗುಡ್ಡೆಯ ಅಂಚಿನಲ್ಲಿ ಒಳಗೆ ಹೋಗಬೇಕು, ಆಚೆ ಅಂಚಿನಲ್ಲಿ ಹೊರಗೆ ಬರಬೇಕು, ಮೇಲಕ್ಕೆ ಕೊಯ್ಯಬೇಕು — ಒಂದೇ ಸಲ. ನಿಲ್ಲುವಂತಿಲ್ಲ, ಹಿಂದೆ ಬರುವಂತಿಲ್ಲ. ವರ್ಷದ ಕೊನೆಗೆ ಒಬ್ಬ ಮನುಷ್ಯನ ಕಣ್ಣು ನಿನ್ನ ಕೈಗೆ ಕೊಡುತ್ತೇನೆ ಎಂದಿದ್ದಾರೆ ಸರ್. ಅದಕ್ಕಾಗಿ ಎಷ್ಟು ಆಡಿನ ಕಣ್ಣಾದರೂ ಸರಿ.

ಕಣ್ಣು ತರುವವನೂ ನಾನೇ. ಮಾಂಸದ ಅಂಗಡಿಯಿಂದ, ಹಿತ್ತಾಳೆ ಡಬ್ಬಿಯಲ್ಲಿ. ಖಾನಾವಳಿಯ ಕೃಷ್ಣಾಬಾಯಿ ಬೆಳಿಗ್ಗೆ “ಡಬ್ಬಿಯಲ್ಲೇನು ಪ್ರಲ್ಹಾದ?” ಎಂದರು. ಪೇಢೆ ಎಂದೆ. “ಧಾರವಾಡದ್ದೇ? ಹಾಗಾದರೆ ನನಗೊಂದು!” ಎಂದು ಕೈ ಚಾಚಿದರು. ಡಬ್ಬಿ ಅಪ್ಪಿಕೊಂಡು ಓಡಿದ್ದೇ ಓಡಿದ್ದು. ಸುಳ್ಳು ಹೇಳುವುದರಲ್ಲಿ ನಾನು ಮೊದಲಿಂದ ಚುರುಕು.

೧೮ ಸೆಪ್ಟೆಂಬರ್, ಬುಧವಾರ

ವಾರ್ಡಿನಲ್ಲಿ ಕನ್ನಡ ಕೇಳಿಸಿತು! ಗೋಕಾಕದ ಕಡೆಯ ರುದ್ರವ್ವ. ಬಲಗಣ್ಣು ಎಂದೋ ಹೋಗಿದೆ — ಸಂತೆಯಲ್ಲಿ ಯಾವನೋ ಪೊರೆ ಸರಿಸುತ್ತೇನೆಂದು ಸೂಜಿ ಹಾಕಿ ಕೆಡಿಸಿದ್ದು. ಎಡಗಣ್ಣಿಗೆ ಪೊರೆ, ಪೂರ್ತಿ ಬಲಿತಿದೆ. ಬೆಳಕು ಕತ್ತಲೆ ಬಿಟ್ಟರೆ ಏನೂ ಕಾಣುವುದಿಲ್ಲ. ಕರೆತಂದವನು ಮಗ ಮುರುಗೆಪ್ಪ, ಭವಾನಿ ಪೇಠೆಯ ಬೆಲ್ಲದ ಅಡತಿ ಅಂಗಡಿಯಲ್ಲಿ ಗುಮಾಸ್ತ. ಜೊತೆಗೆ ಸೊಸೆ ಕಾಶವ್ವ, ಎರಡೂ ಕೈತುಂಬ ಹಸಿರು ಬಳೆ. ಆಕೆ ಬರುವುದು ವಾರ್ಡಿನ ಆ ತುದಿಗೇ ಕೇಳಿಸುತ್ತದೆ.

“ಯಾಕ ಅವ್ವಾ, ಕಣ್ಣು ಬಂದರ ಮೊದಲು ಏನು ನೋಡ್ತೀರಿ?” ಎಂದು ಕೇಳಿದೆ.

“ಇವನ ಮೀಸಿ ನೋಡಬೇಕಪಾ. ಪುಣೇಕ ಬರೂ ಮುಂದ ಗಲ್ಲ ನುಣ್ಣಗಿತ್ತು. ಈಗ ಮೀಸಿ ಬಿಟ್ಟಾನಂತ. ಕೈಲೆ ಮುಟ್ಟಿದರ ನಗತಾನ.”

ಮುರುಗೆಪ್ಪ ನಾಚಿ ಕಿಟಕಿಯ ಕಡೆ ತಿರುಗಿದ. ಮೀಸೆ ಅಂಥ ಹೇಳಿಕೊಳ್ಳುವಂಥದ್ದೇನೂ ಅಲ್ಲ. ಆಕೆಗೆ ಹೇಳಲಿಲ್ಲ.

ಮುಂದಿನ ವಾರ ಆಪರೇಶನ್. ಸರ್ ಮಾಡುತ್ತಾರೆ, ನಾನು ರೆಪ್ಪೆ ಹಿಡಿಯಬೇಕು.

೨೭ ಸೆಪ್ಟೆಂಬರ್, ಶುಕ್ರವಾರ

ಎಲ್ಲ ಬಂದ್. ಇನ್‌ಫ್ಲುಯೆಂಜಾ. ಮುಂಬಯಿಯಿಂದ ಬಂತಂತೆ, ಇಲ್ಲಿ ಕಾಲಿಟ್ಟ ವಾರದಲ್ಲೇ ಊರು ತನ್ನದು ಮಾಡಿಕೊಂಡಿತು. ಕಣ್ಣಿನ ವಾರ್ಡು ಈಗ ಜ್ವರದ ವಾರ್ಡು. ಕ್ಲಾಸಿಲ್ಲ. ಚೂರಿಗಳು ಕಪಾಟಿನಲ್ಲಿ, ಬೀಗ. ಮಾಂಸದ ಅಂಗಡಿಯ ಹಲಗೆ ಹಾಕಿದೆ, ಒಳಗಿನವರು ಏನಾದರೋ. ಆಡಿನ ಕಣ್ಣೂ ಇಲ್ಲ.

ಸರ್ ಹೇಳಿದರು, ಕೆಮ್ಮುವ ಊರಿನಲ್ಲಿ ಪೊರೆ ತೆಗೆಯಬಾರದು. ಕೊಯ್ದ ಗಾಯಕ್ಕೆ ಹೊಲಿಗೆ ಇರುವುದಿಲ್ಲ. ತನ್ನಷ್ಟಕ್ಕೆ ಕೂಡಿಕೊಳ್ಳಬೇಕು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆಯ ಎರಡು ಬದಿಗೆ ಮರಳಿನ ಚೀಲ ಇಟ್ಟು, ಹತ್ತು ದಿನ ಅಂಗಾತ ಮಲಗಿಸಬೇಕು. ಜೋರಾಗಿ ಒಂದು ಸಲ ಕೆಮ್ಮಿದರೆ ಕಣ್ಣಿನ ಒಳಗಿದ್ದದ್ದು ಹೊರಗೆ. ಕೆಮ್ಮಬಾರದು, ಅಗಿಯಬಾರದು, ನಗಬಾರದು, ಅಳಬಾರದು.

ಇಷ್ಟು ಹೇಳಿ ತಾವೇ ಕೆಮ್ಮಿದರು. ಸಂಜೆಗೆ ಅವರಿಗೂ ಜ್ವರ.

ರುದ್ರವ್ವನನ್ನು ಊರಿಗೆ ಕಳಿಸುವಂತಿಲ್ಲ, ಅಲ್ಲೂ ಇದೇ. ವರಾಂಡದ ಕೊನೆಗೆ ಕನ್ನಡಕದ ಪೆಟ್ಟಿಗೆ ಇಡುವ ಸಣ್ಣ ಕೋಣೆ. ಅಲ್ಲಿ ಮಂಚ ಹಾಕಿಸಿದ್ದೇನೆ.

೮ ಅಕ್ಟೋಬರ್, ಮಂಗಳವಾರ

ಬರೆಯಲಿಕ್ಕೆ ಕೈ ಎಲ್ಲಿತ್ತು? ಕೈಯಲ್ಲಿ ಯಾವಾಗಲೂ ಬಾಟಲಿ. ಜ್ವರದ ಮಿಕ್ಸ್‌ಚರ್ ಹೊತ್ತು ಪೇಠೆ ಪೇಠೆ ಅಲೆಯುವುದು, ಒಂದು ದಿನ ಬಿಟ್ಟು ಒಂದು ದಿನ ಯೆರವಡಾದ ಗುಡಿಸಲುಗಳಿಗೆ. ನಿನ್ನೆ ಕೊಟ್ಟ ಮನೆಗೆ ಇವತ್ತು ಹೋದರೆ ತೆಗೆದುಕೊಳ್ಳುವವರೇ ಇಲ್ಲ. ಕಣ್ಣಿನ ಡಾಕ್ಟರಾಗಬೇಕೆಂದು ಬಂದವನು ನಾನು. ಈ ತಿಂಗಳು ಕಣ್ಣಿಗೆ ಮಾಡಿದ್ದು ಒಂದೇ ಕೆಲಸ. ಮುಚ್ಚುವುದು.

ಕ್ಲಾಸಿನ ಅವಧೂತ ರವಿವಾರ ತೀರಿಹೋದ. ನನ್ನ ಪಕ್ಕದ ಬೆಂಚಿನವನು. ನನಗಿಂತ ಅವನ ಕೈ ಚೆನ್ನಾಗಿತ್ತು, ಇದನ್ನು ಅವನಿಗೆ ಹೇಳಲಿಲ್ಲ, ಹೊಟ್ಟೆಕಿಚ್ಚು. ಅವನ ಮರದ ಮುಖವಾಡ ನನ್ನದರ ಪಕ್ಕ ಹಾಗೇ ಕೂತಿದೆ. ನೋಡಲಾರೆ.

ರುದ್ರವ್ವನಿಗೆ ಕಣ್ಣು ನೋವು ಶುರುವಾಗಿದೆ.

೧೦ ಅಕ್ಟೋಬರ್, ಗುರುವಾರ

ಸರ್ ಬಂದರು! ಬದುಕಿ ಬಂದರು. ಅಂಗಿ ಗೂಟಕ್ಕೆ ತೂಗು ಹಾಕಿದ ಹಾಗಿದೆ ಮೈ. ಚಹಾ ಕೊಟ್ಟೆ. ಬಸಿಯಲ್ಲಿ ಕಪ್ಪು ಗಲಗಲ ಅಂದಿತು. ಸರ್ ಕಪ್ಪು ಕೆಳಗಿಟ್ಟು ತಮ್ಮ ಕೈಯನ್ನೇ ನೋಡಿಕೊಂಡರು. ಜ್ವರ ಹೋಯಿತು, ನಡುಕ ಉಳಿಯಿತು. ನಾನು ಬೇರೆ ಕಡೆ ನೋಡಿದೆ.

ರುದ್ರವ್ವನ ರೆಪ್ಪೆಯ ಮೇಲೆ ಬೆರಳಿಟ್ಟು ಒತ್ತಿ ನೋಡಿದರು. ಕಣ್ಣು ಅಡಿಕೆಯಂತೆ ಗಟ್ಟಿ. ಪೊರೆ ಊದಿಕೊಂಡಿದೆ. ಇನ್ನು ತಡೆದರೆ ನರವೇ ಸಾಯುತ್ತದೆ, ಆಮೇಲೆ ಪೊರೆ ತೆಗೆದರೂ ಕತ್ತಲೆಯೇ. ಇರುವುದು ಇದೊಂದೇ ಕಣ್ಣು.

ಹೊರಗೆ ಬಂದು ಸರ್ ಎಂದರು, “ತೂ ಕರ್.” ನೀನು ಮಾಡು.

ಆಡಿನ ಕಣ್ಣು ಮುಟ್ಟಿ ಎರಡು ವಾರವಾಯಿತು ಎಂದೆ. “ನನ್ನ ಕೈ ಇನ್ನು ಬರುವುದಿಲ್ಲ ಪ್ರಲ್ಹಾದ. ನಿನ್ನದು ಇದೆ” ಎಂದರು. ಎಷ್ಟು ಆಸೆಪಟ್ಟಿದ್ದೆ ಈ ಮಾತಿಗೆ. ಹೀಗೆ ಬೇಕಿರಲಿಲ್ಲ.

೧೧ ಅಕ್ಟೋಬರ್, ಶುಕ್ರವಾರ

ಆಯಿತು. ಆಯಿತು!

ಕಣ್ಣು ಜೋಮು ಹಿಡಿಯಲಿಕ್ಕೆ ಕೊಕೇನ್ ಹನಿ ಹಾಕಿದೆ. ಸರ್ ಬಾಯಿಗೆ ಬಟ್ಟೆ ಕಟ್ಟಿ ನನ್ನ ಹಿಂದೆ ನಿಂತರು. ಚೂರಿ ಒಳಗೆ ಹೋಯಿತು. ಆಗಲೇ ಅವರಿಗೆ ಕೆಮ್ಮು ಬಂದದ್ದು ಗೊತ್ತಾಯಿತು. ಬಟ್ಟೆ ಕಚ್ಚಿ ಗೋಡೆಗೆ ಹಣೆ ಒತ್ತಿ ನಿಂತುಬಿಟ್ಟರು. ಒಂದು ಸಪ್ಪಳ ಇಲ್ಲ. ಮತ್ತೆ ಕಿವಿಯ ಹತ್ತಿರ ಅವರ ದನಿ, “ಹಳೂ... ಹಳೂ...” ನಿಧಾನ, ನಿಧಾನ. ಕೊಯ್ದೆ. ಹುಣಸೆ ಬೀಜದ ಬಣ್ಣದ ಪೊರೆ ಜಾರಿ ಹೊರಗೆ ಬಂತು.

ಎರಡು ಬೆರಳು ಹಿಡಿದೆ. “ಎರಡು... ಬೆರಳ ಎರಡಪಾ!” ಎಂದಳು ರುದ್ರವ್ವ. ಕೂಡಲೇ ಆಕೆ, “ಮುರುಗ್ಯಾ ಎಲ್ಲದಾನ? ಒಂದೀಟ ಮಾರಿ ತೋರಸ್ರಿ” ಎಂದಳು.

ಮುರುಗೆಪ್ಪ ಬಾಗಿಲಲ್ಲೇ ಇದ್ದ. ಬೇಡ ಎಂದೆ. ಗಾಯ ತೆರೆದಿದೆ, ಪಟ್ಟಿ ಮೊದಲು. “ಹತ್ತ ದಿನದಾಗ ಏನ ಆಕ್ಕೈತಿ ಬಿಡವಾ, ಮೀಸಿ ಇನ್ನೂ ದಪ್ಪ ಆಕ್ಕಾವು” ಎಂದ ಅವನೂ. ನಗಬೇಡಿ ಎಂದು ಗದರಿದೆ. ಪಟ್ಟಿ ಕಟ್ಟಿ, ಅಳಲೂಬಾರದು, ಕಣ್ಣೀರು ಬಂದರೆ ಕಣ್ಣು ಹೋದ ಹಾಗೆ ಎಂದು ಹೇಳಿದೆ. “ಅಳಾಕ ಏನಾಗೇತಿ ಈಗ?” ಎಂದಳು.

೧೩ ಅಕ್ಟೋಬರ್, ರವಿವಾರ

ದಿನಾ ಬೆಳಿಗ್ಗೆ ಮೇಲಿನ ಹತ್ತಿ ಬದಲಿಸುತ್ತೇನೆ. ರೆಪ್ಪೆಯ ಅಂಚು ಒರೆಸುತ್ತೇನೆ, ತೆರೆಯುವುದಿಲ್ಲ. ಹತ್ತಿ ಒಣಗಿದೆ. ಕೀವಿಲ್ಲ, ನೀರಿಲ್ಲ. ಸರ್ ನೋಡಿ ಹ್ಞೂಂ ಎಂದರು.

ಮುರುಗೆಪ್ಪ ತಾಯಿಯ ಕೈ ಹಿಡಿದು ಕೂತಿದ್ದವನು ಎದ್ದು ಹೊರಗೆ ಹೋದ. ವರಾಂಡದ ಕಂಬಕ್ಕೆ ಒರಗಿ, ಶಲ್ಯ ಬಾಯಿಗೆ ತುರುಕಿಕೊಂಡು ಕೆಮ್ಮುತ್ತಿದ್ದ. ಕಣ್ಣು ಕೆಂಪು. ಒಳಗೆ ಬರಬೇಡಿ ಎಂದೆ. ನಿಮ್ಮ ಕೆಮ್ಮು ಅವ್ವಗೆ ಹತ್ತಿದರೆ ಮುಗಿಯಿತು.

“ಹೌದ್ರಿ” ಎಂದ. ಬಾಗಿಲಲ್ಲೇ ನಿಂತು, ಕೆಮ್ಮು ನುಂಗಿ, “ಅವ್ವಾ, ಅಡತಿ ಕೆಲಸದ ಮ್ಯಾಲ ಸೊಲ್ಲಾಪುರಕ ಹೊಂಟೀನಿ. ಪಟ್ಟಿ ಬಿಚ್ಚೂದ್ರಾಗ ಬರತೀನಿ” ಎಂದ. ಸುಳ್ಳಿನಲ್ಲಿ ನನಗಿಂತ ಚುರುಕು.

೧೫ ಅಕ್ಟೋಬರ್, ಮಂಗಳವಾರ

ಮುರುಗೆಪ್ಪ ಹೋದ. ಮಧ್ಯಾಹ್ನ. ನಾನು ಬಾಟಲಿ ಹಿಡಿದು ಹೋಗುವಾಗಲೇ ಮುಖ ನೀಲಿ. ಅಡತಿಯ ನಾಲ್ಕು ಜನ ಮಣ್ಣು ಮಾಡಿ ಬಂದರು.

ಒಂದು ಸಲ ಮುಖ ತೋರಿಸಿಬಿಡಬಹುದಿತ್ತು. ಬಾಗಿಲಲ್ಲೇ ಇದ್ದ. ಎರಡು ಹೆಜ್ಜೆ. ನನ್ನ ಬೆರಳು ನೋಡಿದ ಕಣ್ಣು ಮಗನನ್ನು ನೋಡಬಹುದಿತ್ತು. ನಾನು ಬೇಡ ಎಂದೆ.

೧೬ ಅಕ್ಟೋಬರ್, ಬುಧವಾರ

ಕಾಶವ್ವ ಬಂದಳು. ಹಣೆ ಬರಿದು. ಕೈ ನೋಡಿದೆ — ಬಳೆ ಹಾಗೇ ಇವೆ. ನಾನು ನೋಡಿದ್ದು ನೋಡಿ ಸೆರಗಿನಲ್ಲಿ ಮುಚ್ಚಿಕೊಂಡಳು.

“ಓಣಿ ಹೆಂಗಸರು ಒಡೀಬೇಕು ಅಂದ್ರು. ನಾ ಕೈ ಕೊಡಲಿಲ್ರಿ. ನಮ್ಮತ್ತಿಗೆ ಕಣ್ಣ ಕಟ್ಟೇತಿ, ಕಿವಿ ಕಟ್ಟಿಲ್ಲಲ್ರಿ. ಬಳಿ ಸಪ್ಪಳಾ ಇಲ್ಲಂದ್ರ ತಿಳೀತಾರ. ಅತ್ತರ ಕಣ್ಣ ಹೋಗತೈತಿ ಅಂದೀರಿ. ಅವರು ಇದರ ಸಲುವಾಗೇ ಕರಕೊಂಡ ಬಂದಿದ್ರು...”

ಮುಂದೆ ಹೇಳಲಿಲ್ಲ. ಮುಖ ತೊಳೆದುಕೊಂಡು, ಬಾಗಿಲಲ್ಲಿ ಕೈ ಅಲುಗಾಡಿಸಿ ಬಳೆ ಸಪ್ಪಳ ಮಾಡಿ, ಒಳಗೆ ಹೋಗಿ ಅತ್ತೆಗೆ ಗಂಜಿ ಕುಡಿಸಿದಳು. ನಾನು ಹೊರಗೆ ನಿಂತು ಅತ್ತುಬಿಟ್ಟೆ. ನನಗೇನು, ನನ್ನ ಕಣ್ಣಿಗೆ ಗಾಯವಿಲ್ಲ.

“ಸೊಲ್ಲಾಪುರದಿಂದ ಸುದ್ದಿ ಬಂತೇನಪಾ?” ಎಂದಳು ರುದ್ರವ್ವ. ಬಂತು ಎಂದೆ. ಆರಾಮ ಇದ್ದಾರಂತ.

೧೭ ಅಕ್ಟೋಬರ್, ಗುರುವಾರ

ಹತ್ತಿ ಒಣಗಿದೆ.

ಈ ಸುಳ್ಳು ಯಾರಿಗಾಗಿ? ಆಕೆಯ ಕಣ್ಣಿಗಾಗಿ ಎಂದು ಸರ್‌ಗೆ ಹೇಳಿದೆ. ನನಗೇ ನಂಬಿಕೆ ಇಲ್ಲ. ನನ್ನ ಕೈಯ ಮೊದಲ ಕಣ್ಣು ಅದು. ಬಹುಶಃ ಕೊನೆಯದೂ. ಕೆಡಬಾರದು ಎಂದು ಹೆತ್ತ ತಾಯಿಗೆ ಮಗ ಸತ್ತದ್ದು ಹೇಳದೆ ಕೂತಿದ್ದೇನೆಯೇ? ಸರ್ ಎರಡಕ್ಕೂ ಇರಬಹುದು, ಅದಕ್ಕೇನು ಮಾಡುವುದು ಎಂದರು.

೧೯ ಅಕ್ಟೋಬರ್, ಶನಿವಾರ

ಹತ್ತಿ ಒಣಗಿದೆ. ಕಾಶವ್ವ ಜಾಣೆ. ದಿನದಿಂದ ದಿನಕ್ಕೆ ಬಳೆಯ ಸಪ್ಪಳ ಜೋರು. ನೀರು ಕೊಟ್ಟರೂ ಸಪ್ಪಳ, ಹೊದಿಕೆ ಸರಿಮಾಡಿದರೂ ಸಪ್ಪಳ. ಭೇಷ್ ಎಂದು ಸನ್ನೆ ಮಾಡಿದೆ.

ರುದ್ರವ್ವ ಸೊಲ್ಲಾಪುರದ ಮಾತು ತೆಗೆಯುತ್ತಿಲ್ಲ, ನಿನ್ನೆಯೂ ಇಲ್ಲ, ಇವತ್ತೂ ಇಲ್ಲ. ಬಚಾವಾದೆ. ಸೊಸೆಯ ಕೈ ಹಿಡಿದುಕೊಂಡು ಸುಮ್ಮನೆ ಮಲಗಿರುತ್ತಾಳೆ. “ಉಂಡೇನವಾ ನೀ?” ಎಂದು ಮಾತ್ರ ಮತ್ತೆ ಮತ್ತೆ ಕೇಳುತ್ತಾಳೆ.

೨೧ ಅಕ್ಟೋಬರ್, ಸೋಮವಾರ

ಬೆಳಿಗ್ಗೆ ಕಿಟಕಿಗೆ ಅರ್ಧ ಪರದೆ ಎಳೆದು ಪಟ್ಟಿ ಬಿಚ್ಚಿದೆ. ಸರ್ ಸ್ಟೂಲಿನ ಮೇಲೆ, ನಡುಗುವ ಕೈಯನ್ನು ತೊಡೆಗಳ ನಡುವೆ ಇಟ್ಟುಕೊಂಡು. ಹತ್ತಿ ಇವತ್ತೂ ಒಣಗಿತ್ತು. ಒರೆಸಿದೆ. “ಕಣ್ಣ ತಗೀರಿ ಅವ್ವಾ.”

ತೆರೆದಳು. ಪಾಪೆ ಕಪ್ಪಗೆ, ಶುದ್ಧ. ಗಾಯ ಕೂಡಿದೆ. ಪೆಟ್ಟಿಗೆಯಿಂದ ದಪ್ಪ ಲೆನ್ಸ್ ತೆಗೆದು ಕಣ್ಣ ಮುಂದೆ ಹಿಡಿದೆ. ನನ್ನನ್ನು ನೋಡಿದಳು.

“ಇಷ್ಟ ಸಣ್ಣಾಂವ ಏನಪಾ ನೀ!”

ಸರ್ ಹಿಂದಿನಿಂದ “ಹ್ಞೂಂ” ಎಂದರು. ಇಷ್ಟು ದಿನ ಕಾದದ್ದು ಈ ಹ್ಞೂಂಗೇ. ಕಿವಿಗೆ ಬಿತ್ತು, ಅಷ್ಟೇ.

ರುದ್ರವ್ವ ತಲೆ ತಿರುಗಿಸಿದಳು. ಲೆನ್ಸ್ ಹಿಡಿದ ನನ್ನ ಕೈಯೂ ಜೊತೆಗೇ ಹೋಯಿತು. ಕಾಶವ್ವ ಮಂಚದ ಬದಿಗೆ. ರುದ್ರವ್ವ ಸೊಸೆಯ ಬರಿದಾದ ಹಣೆ ನೋಡಿದಳು. ಆಮೇಲೆ ಕೈ. ಕಾಶವ್ವ ಗಾಬರಿಯಲ್ಲಿ ಆಗಲೂ ಬಳೆ ಅಲುಗಾಡಿಸಿದಳು, ಪಾಪ.

ರುದ್ರವ್ವ ಆ ಮುಂಗೈ ಹಿಡಿದುಕೊಂಡಳು. “ಸಾಕ ಬಿಡವಾ. ಎಷ್ಟಂತ ಅಲುಗಾಡಸ್ತಿ? ಕೈ ನೊಂದಿರಬೇಕು.”

“ಅತ್ತೀ... ಗೊತ್ತಿತ್ತೇನ್ರಿ?”

“ಮೊದಲ ನಿನ್ನ ಬಳಿ ತಮ್ಮಷ್ಟಕ ತಾವ ಸಪ್ಪಳಾ ಮಾಡತಿದ್ದುವು. ಅವತ್ತ ಬಾಗಲದಾಗ ನಿಂತ ನೀನ ಮಾಡಿದಿ. ಅವಾಗ ತಿಳೀತು.”

ಅವತ್ತೇ. ಬುಧವಾರವೇ. ಆಮೇಲಿನ ಒಂದೊಂದು ಬೆಳಿಗ್ಗೆಯೂ ನಾನು ಹತ್ತಿ ಮುಟ್ಟಿ, ಒಣಗಿದೆ ಎಂದು ಖುಷಿಪಟ್ಟಿದ್ದೆ.

ಕಾಶವ್ವ ಅತ್ತೆಯ ಹೊದಿಕೆಯಲ್ಲಿ ಮುಖ ಮುಚ್ಚಿಕೊಂಡಳು. ರುದ್ರವ್ವ ಅವಳ ತಲೆ ಸವರುತ್ತ ನನ್ನ ಕಡೆ ತಿರುಗಿದಳು. ಕಣ್ಣು ಇನ್ನೂ ಒಣಗಿಯೇ ಇತ್ತು.

“ಡಾಕ್ಟರಪ್ಪಾ, ನೀ ಹೇಳಿದಂಗ ಅತ್ತಿಲ್ಲ ನಾ. ನನ್ನ ಮಗ ಕೊಡಿಸಿದ ಕಣ್ಣ, ಕೆಡಸಬಾರದಂತ ಹಲ್ಲ ಕಚ್ಚಿ ಮಲಗಿದ್ನಿ. ಕಣ್ಣ ಆತಲ್ಲ? ಇನ್ನರ ಅಳಬಹುದೇನು?”

ಪುಸ್ತಕದ ಪ್ರಕಾರ ಇನ್ನೂ ಎರಡು ವಾರ ಬೇಡ. ಕೂಡಿದ ಗಾಯ ಇನ್ನೂ ಹಸಿ. ಸರ್ ಕಡೆ ನೋಡಿದೆ. ಅವರು ನನ್ನ ಕಡೆ ನೋಡಿದರು. ನಿನ್ನ ಪೇಶೆಂಟ್, ನೀನೇ ಹೇಳು ಎಂಬಂತೆ. ಲೆನ್ಸ್ ಕೆಳಗಿಟ್ಟೆ. ಮಂಚದ ಅಂಚಿನ ಮೇಲೆ ಕೂತು ಆಕೆಯ ಕೈ ಹಿಡಿದೆ. ಹೇಳಿದೆ — “ಅಳ್ರಿ ಅವ್ವಾ.”