ಎರಡು ಸಲ ಕೊಟ್ಟ ಕುಂಬಳಕಾಯಿ

ಹ್ಯಾಂಡ್‌ಪೋಸ್ಟ್, ಎಚ್.ಡಿ. ಕೋಟೆ
೪ ಫೆಬ್ರವರಿ ೨೦೨೪, ಭಾನುವಾರ

ಪ್ರೀತಿಯ ಮಗ ಸಮಾಧಾನನಿಗೆ,

ನಿನ್ನವ್ವ ಕರುಣಮ್ಮ ಮಾಡುವ ಆಶೀರ್ವಾದ. ಬೀದರಿನ ಚಳಿಗೆ ನಿನ್ನ ಕೆಮ್ಮು ಹೇಗಿದೆ? ಸಭೆಯವರು ಕರೆದ ಕಡೆಯೆಲ್ಲ ಊಟಕ್ಕೆ ಕೂರಬೇಡ, ನಿನ್ನ ಹೊಟ್ಟೆ ನನಗೆ ಗೊತ್ತು. ಇಲ್ಲಿ ಕರ್ತನ ದಯೆಯಿಂದ ಎಲ್ಲರೂ ಚೆನ್ನಾಗಿದ್ದೇವೆ. ನಾನು ಹೇಳುತ್ತಿದ್ದೇನೆ, ನಿನ್ನ ಅಣ್ಣನ ಮಗಳು ರಮ್ಯಾ ಬರೆಯುತ್ತಿದ್ದಾಳೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಮಧ್ಯೆ ಬಾಯಿ ಹಾಕಿ ಪ್ರಸಂಗ ಶುರು ಮಾಡುತ್ತೀಯ, ಸಭಾಪಾಲಕನ ಚಾಳಿ. ಕಾಗದಕ್ಕಾದರೆ ಎದುರು ಮಾತಾಡಲು ಆಗುವುದಿಲ್ಲ.

ಇವತ್ತು ನಮ್ಮ ಚರ್ಚಿನಲ್ಲಿ ಸುಗ್ಗಿ ಹಬ್ಬ. ಬೆಳೆದದ್ದರಲ್ಲಿ ಮೊದಲ ಫಲ ತಂದು ಪೀಠದ ಮುಂದೆ ಇಡುವುದು, ಆರಾಧನೆ ಮುಗಿದ ಮೇಲೆ ಹರಾಜು ಕೂಗುವುದು, ಎಲ್ಲ ನಿನಗೆ ಗೊತ್ತಿದ್ದದ್ದೇ. ಕೊಟ್ಟಿಗೆಯ ಮೇಲೆ ಹಬ್ಬಿದ್ದ ಬಳ್ಳಿಯ ದೊಡ್ಡ ಕುಂಬಳಕಾಯಿಯನ್ನು ನಾನೂ ಹೊತ್ತುಕೊಂಡು ಹೋಗಿ ಇಟ್ಟೆ. ಅಯ್ಯನವರು, ಬಾಯಲ್ಲಿ ಮಾತ್ರ ದೇವರನ್ನು ನಂಬುವವರ ಬಗ್ಗೆ ಪ್ರಸಂಗ ಮಾಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ಕಣ್ಣು ಮುಟ್ಟಿ ನೋಡಿಕೊಂಡೆ. ಪೊರೆ ಬಂದ ಕಣ್ಣಿಗೆ ಆಪರೇಷನ್ ಮಾಡಿಸವ್ವ ಎಂದು ನೀನು ಎಷ್ಟು ಬೇಡಿಕೊಂಡೆ! ದೇವರೇ ನೋಡಿಕೊಳ್ಳುತ್ತಾನೆ ಬಿಡು ಎಂದು ನಾನು ಜಾರಿಕೊಳ್ಳುತ್ತಲೇ ಬಂದೆ. ನಿಜ ಹೇಳಲೇ? ಭಯ ಕಣೋ. ಈಗಿರುವ ಅಷ್ಟಿಷ್ಟು ಬೆಳಕೂ ಹೋಗಿಬಿಟ್ಟರೆ ಎಂಬ ಭಯ.

ಹರಾಜಿನಲ್ಲಿ ಒಂದು ಕುಂಬಳಕಾಯಿ ಬಂತು. ನನಗೆ ಕಂಡದ್ದು ಹಳದಿ ಗುಡ್ಡೆಯಷ್ಟೇ. ಯಾರ ಮನೆಯದೋ, ಸೊಗಸಾಗಿದೆ, ಬಿಡಬಾರದು ಎಂದು ಕೂಗಿದೆ. ಪಕ್ಕದ ಮನೆಯ ಶಿವಣ್ಣನೂ ಪ್ರತಿ ವರ್ಷದಂತೆ ಹರಾಜಿಗೆ ಬಂದಿದ್ದ. ಅವನು ಏರಿಸಿದ, ನಾನೂ ಏರಿಸಿದೆ. ಕೊನೆಗೆ ಅವನೇ ಹೊಟ್ಟೆ ಹಿಡಿದುಕೊಂಡು, "ಕರುಣಮ್ಮೋರೇ, ಅದು ನಿಮ್ದೇ ಕಾಯಿ ಕಣ್ರೀ! ದೇವ್ರಿಗೆ ಕೊಟ್ಟಿದ್ದ ಯಾಕ್ರೀ ವಾಪಸ್ ಇಸ್ಕತೀರಾ?" ಅಂದ. ಇಡೀ ಚರ್ಚು ಬಿದ್ದು ಬಿದ್ದು ನಕ್ಕಿತು. ಅಯ್ಯನವರೂ ಕಣ್ಣೊರೆಸಿಕೊಂಡು ನಕ್ಕರಂತೆ. "ಆಯ್ತು ಬುಡಪ್ಪ, ಎರಡ್ನೇ ಸಲ ಕೊಟ್ಟೆ ಅಂದ್ಕೋ" ಎಂದು ನಾನೂ ನಕ್ಕೆ.

ಮನೆಗೆ ಬರುವ ದಾರಿಯುದ್ದಕ್ಕೂ ಶಿವಣ್ಣನ ಮಾತು ನನ್ನನ್ನು ಬಿಡಲಿಲ್ಲ. ಪ್ರಾರ್ಥನೆಯಲ್ಲಿ ನನ್ನ ಕಣ್ಣನ್ನು ಕರ್ತನ ಕೈಗೆ ಒಪ್ಪಿಸುತ್ತೇನೆ, ಎದ್ದು ಮಂಡಿ ಒರೆಸಿಕೊಳ್ಳುವಷ್ಟರಲ್ಲಿ ವಾಪಸು ಕಿತ್ತುಕೊಳ್ಳುತ್ತೇನೆ. ಕೈಬಿಡುವುದಿಲ್ಲ ಎಂದು ಮಾತು ಕೊಟ್ಟವನು ಆಸ್ಪತ್ರೆಯ ಬಾಗಿಲಲ್ಲಿ ಮಾತ್ರ ಕೈಬಿಡುತ್ತಾನೆಯೇ? ಅದಕ್ಕೇ, ಗುರುವಾರ ಮೈಸೂರಿಗೆ ಹೊರಟಿದ್ದೇನೆ, ಆಪರೇಷನ್‌ಗೆ. ನಿನ್ನ ಅಣ್ಣ ಜೊತೆಗಿರುತ್ತಾನೆ. ಶಿವಣ್ಣನೂ ಬಂದೇ ಬರುತ್ತೇನೆ ಎನ್ನುತ್ತಿದ್ದಾನೆ, ಅವರ ಮನೆದೇವರು ಮಾದಪ್ಪನಿಗೂ ನನ್ನ ಸಲುವಾಗಿ ಕೈಮುಗಿದಿದ್ದಾನಂತೆ. ಎಂಥ ನೆರೆಯವನನ್ನು ಕೊಟ್ಟಿದ್ದಾನೆ ನೋಡು ದೇವರು.

ಸೊಸೆಗೂ ಮೊಮ್ಮಕ್ಕಳಿಗೂ ನನ್ನ ಮುತ್ತು. ಕರ್ತನು ನಿನ್ನನ್ನೂ ನಿನ್ನ ಸಭೆಯನ್ನೂ ಕಾಯಲಿ.

ನಿನ್ನ ಅವ್ವ,
ಕರುಣಮ್ಮ

ತಾ.ಕ.: ಟಪಾಲಿಗೆ ಹಾಕೆಂದು ಕೊಟ್ಟ ಈ ಕಾಗದ ರಮ್ಯಾಳ ಬ್ಯಾಗಿನಲ್ಲೇ ಉಳಿದಿತ್ತು. ಒಳ್ಳೆಯದೇ ಆಯಿತು. ಇದು ನನ್ನದೇ ಕೈಬರಹ, ಸಾಲು ಸೊಟ್ಟಗಿದ್ದರೆ ನಗಬೇಡ. ಕಣ್ಣಿನ ಪಟ್ಟಿ ಬಿಚ್ಚಿದ ಸುದ್ದಿ ನಿನ್ನ ಅಣ್ಣ ಫೋನಿನಲ್ಲಿ ಹೇಳಿರುತ್ತಾನೆ, ಕರ್ತನಿಗೆ ಸ್ತೋತ್ರ! ಮನೆಗೆ ಬಂದವಳೇ ಗೋಡೆಯ ಮೇಲಿರುವ ಈ ಸಲದ ಕ್ರಿಸ್‌ಮಸ್ ಫೋಟೋ ನೋಡಿದೆ. ನನ್ನ ಪಕ್ಕದಲ್ಲೇ ಕೂತಿದ್ದೀಯ. ಅಯ್ಯೋ ಮಗನೇ, ನಿನ್ನ ತಲೆ ಯಾವಾಗ ನರೆಯಿತೋ? ಬೇಗ ಬಾ, ಎದುರಿಗೆ ಕೂರಿಸಿಕೊಂಡು ನೋಡಬೇಕು.