ಅಗರಖೇಡದ ಫ್ಲೆಕ್ಸಿನಲ್ಲಿ ನಿನ್ನ ಫೋಟೊ

ಅಪ್ಪಾ,

ವಿಶ್ವವಿದ್ಯಾಲಯಗಳ ಕ್ರೀಡಾಕೂಟದಲ್ಲಿ ನಾನೂರು ಮೀಟರ್ ಓಟ ಗೆದ್ದು ಇಂದು ಊರಿಗೆ ಬಂದೆ. ಅಗರಖೇಡದ ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಕಟ್ಟಿದ್ದಾರೆ. ತೀರಿಹೋದ ನಿನ್ನ ಫೋಟೊ ನನ್ನದಕ್ಕಿಂತ ದೊಡ್ಡದು. ಕೆಳಗೆ, ‘ತಂದೆಯ ಕನಸು ನನಸು ಮಾಡಿದ ಮಗಳು’.

"ಹೆಣ್ಣ ಹುಡುಗಿ ಚಡ್ಡಿ ಹಾಕ್ಕೊಂಡು ಓಡಿದ್ರ ಮಂದಿ ಏನಂತಾರ?" ಎಂದು ನನ್ನ ಬೂಟು ಬಾವಿಗೆ ಎಸೆದವನು ನೀನು. ಆಮೇಲೆ ಬರಿಗಾಲಲ್ಲಿ, ಕದ್ದು ಓಡಿದೆ. ಹೊಲದಿಂದ ಬರುವ ನಿನ್ನ ಬೈಕಿನ ಸದ್ದು ಕೇಳಿದರೆ ಸಾಕು, ನಿನಗಿಂತ ಮೊದಲು ಮನೆ ಸೇರಲು ಎದ್ದುಬಿದ್ದು ಓಡುತ್ತಿದ್ದೆ. ಮೊನ್ನೆ ಕ್ರೀಡಾಕೂಟದ ಓಟದ ಕೊನೆಯ ತಿರುವಿನಲ್ಲೂ ಅದೇ ಸದ್ದು ಕಿವಿಯಲ್ಲಿತ್ತು.

ಹಾರ ಹಾಕಿದ ಸುಭಾಸ ಕಾಕಾ, "ಇಷ್ಟ ಜೋರ ಓಡಾಕ ಯಾರ ಕಲಿಸಿದ್ರವಾ?" ಎಂದರು.

ನಿನ್ನ ಫೋಟೊ ತೋರಿಸಿದೆ.

ಸೇರಿದ ಮಂದಿಯೆಲ್ಲ ನಿನಗೆ ಚಪ್ಪಾಳೆ ತಟ್ಟಿದರು.